ಚರ್ಮ ಬೇಗ ಮುಪ್ಪಾಗಬಾರದಾ? ಮೊದಲು ಬಿಸಿಲು ತಡೀರಿ, ಚೀಟಿ ಇಲ್ಲದ ಟ್ಯೂಬ್ ಬಿಡ್ರಿ

ಬೋರಗಾಂವ: ಮದುವೆ ಸೀಜನ್ ಹತ್ತಿರ ಬಂತೆಂದರೆ ನಮ್ಮ ಭಾಗದ ಅಂಗಡಿಗಳಲ್ಲಿ ಒಂದು ಪ್ರಶ್ನೆ ಕಾಯಂ. "ದಾದಾ, ಹದಿನೈದು ದಿನದಾಗ ಮುಖ ಬೆಳ್ಳಗ ಆಗೋ ಕ್ರೀಮ್ ಐತೇನ್ರಿ?" ಡಾಕ್ಟರ್ ಚೀಟಿ ಇರೋದಿಲ್ಲ, ಬಿಲ್ಲೂ ಇರೋದಿಲ್ಲ. ಒಂದು ಸಣ್ಣ ಟ್ಯೂಬ್ ಕೈಗೆ ಬರುತ್ತದೆ.

ನಮ್ಮ ಮನೆಯಲ್ಲೂ ಇದೇ ಆಯಿತು. ಅಕ್ಕನ ಮದುವೆ ಗೊತ್ತಾದಾಗ ಸಂಬಂಧಿಕರೊಬ್ಬರು ಒಂದು ಟ್ಯೂಬಿನ ಹೆಸರು ಹೇಳಿದರು. ನಾನೇ ಬೈಕ್ ಮೇಲೆ ಹೋಗಿ ತಂದುಕೊಟ್ಟೆ. ಹತ್ತೇ ದಿನಕ್ಕೆ ಮುಖ ಹೊಳೆಯಿತು, ಎಲ್ಲರೂ ಖುಷಿ. ಮದುವೆ ಮುಗಿದು ಹಚ್ಚೋದು ಬಿಟ್ಟ ಮೇಲೆ ಮುಖ ಕೆಂಪಾಗಿ ಉರಿಯತೊಡಗಿತು. ಒಲೆ ಮುಂದೆ ರೊಟ್ಟಿ ಬಡಿಯೋಕೆ ಕೂತರೆ ಬೆಂಕಿ ಹತ್ತಿದಂಗ ಆಗ್ತಿತ್ತು. ಮತ್ತೆ ಹಚ್ಚಿದರೆ ಕಡಿಮೆ, ಬಿಟ್ಟರೆ ಜಾಸ್ತಿ. ಕೊನೆಗೆ ಬೆಳಗಾವಿಯ ಚರ್ಮದ ಡಾಕ್ಟರ್ ಹತ್ತಿರ ಹೋದೆವು. ಅವರು ಟ್ಯೂಬ್ ನೋಡಿ ಕೇಳಿದ್ದು ಒಂದೇ ಮಾತು: "ಇದನ್ನ ಬರೆದುಕೊಟ್ಟವರು ಯಾರು?" ಯಾರೂ ಬರೆದುಕೊಟ್ಟಿರಲಿಲ್ಲ. ಅಕ್ಕನ ಮುಖ ಸುಧಾರಿಸೋಕೆ ಎಂಟು ತಿಂಗಳು ಹಿಡಿಯಿತು.

ಆವತ್ತಿನಿಂದ ಈ ವಿಷಯ ತಿಳ್ಕೋಬೇಕು ಅನ್ನಿಸಿತ್ತು. ತಿಳಿದಿದ್ದನ್ನು ಇಲ್ಲಿ ಬರೆದಿದ್ದೇನೆ. ಕೊಳ್ಳುವವರಿಗೂ ಮಾರುವವರಿಗೂ ಎರಡೂ ಕಡೆ ಉಪಯೋಗ ಆಗಲಿ.

ನಿಮ್ಮ ತೋಳಿನಲ್ಲೇ ಉತ್ತರ ಐತಿ

ಒಂದು ಸಣ್ಣ ಪರೀಕ್ಷೆ ಮಾಡಿ ನೋಡ್ರಿ. ಅಂಗಿಯ ತೋಳು ಮೇಲೆತ್ತಿ ಕಂಕುಳ ಹತ್ತಿರದ ಒಳಭಾಗದ ಚರ್ಮ ನೋಡ್ರಿ. ಈಗ ಅದೇ ಕೈಯ ಮುಂಗೈ ಹೊರಭಾಗ ನೋಡ್ರಿ. ಒಳಭಾಗ ನುಣುಪು, ಒಂದೇ ಬಣ್ಣ. ಹೊರಭಾಗ ಒರಟು, ಕಪ್ಪು, ಚುಕ್ಕಿ, ಗೆರೆ. ಎರಡೂ ಒಂದೇ ಮನುಷ್ಯನ ಚರ್ಮ, ಎರಡಕ್ಕೂ ಒಂದೇ ವಯಸ್ಸು. ಫರಕು ಮಾಡಿದ್ದು ಬಿಸಿಲು.

ಚರ್ಮದ ಒಳಗೆ ಕೊಲಾಜೆನ್ ಅನ್ನೋ ಎಳೆಗಳು ಇರುತ್ತವೆ. ಹೊರಸಿಗೆ ನುಲಿ ಇದ್ದ ಹಾಗೆ. ನುಲಿ ಬಿಗಿ ಇದ್ದಷ್ಟು ದಿನ ಹೊರಸು ಗಟ್ಟಿ, ಸಡಿಲಾದರೆ ಜೋತು ಬೀಳುತ್ತದೆ. ವಯಸ್ಸಾದಂತೆ ಈ ಎಳೆಗಳು ಹೇಗೂ ಕಡಿಮೆ ಆಗುತ್ತವೆ, ಅದನ್ನು ಯಾರೂ ತಡೆಯೋಕಾಗಲ್ಲ. ಆದರೆ ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳು ಆ ಕೆಲಸವನ್ನು ಬೇಗ ಬೇಗ ಮಾಡಿಸುತ್ತವೆ.

ಇದಕ್ಕೆ ಹೆಸರಾದ ಒಂದು ಉದಾಹರಣೆ ಅಮೆರಿಕದ್ದು. 28 ವರ್ಷ ಸರಕಿನ ಲಾರಿ ಓಡಿಸಿದ 69 ವರ್ಷದ ಚಾಲಕರೊಬ್ಬರ ಫೋಟೊ 2012ರಲ್ಲಿ ಅಲ್ಲಿನ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅವರ ಮುಖದ ಎಡಭಾಗದಲ್ಲಿ ಆಳವಾದ ಸುಕ್ಕು, ಬಲಭಾಗಕ್ಕೆ ಅಷ್ಟಿಲ್ಲ. ಅಲ್ಲಿ ಚಾಲಕರು ಕೂರೋದು ಎಡಕ್ಕೆ, ಕಿಟಕಿ ಬಿಸಿಲು ಬೀಳೋದು ಎಡಗೆನ್ನೆಗೆ. ನಮ್ಮಲ್ಲಿ ಸ್ಟೇರಿಂಗ್ ಬಲಕ್ಕೆ. ನಿಪ್ಪಾಣಿ ದಾಟಿ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ದಿನಾ ಗಾಡಿ ಓಡಿಸುವ ಅಣ್ಣಂದಿರು ತಮ್ಮ ಬಲಗೈ, ಬಲಗೆನ್ನೆ ಕನ್ನಡಿಯಲ್ಲಿ ನೋಡಿಕೊಳ್ಳಲಿ. ಕಿಟಕಿ ಗಾಜು ಏರಿಸಿದರೂ ಮುಪ್ಪು ತರುವ ಕಿರಣ ಸಾಕಷ್ಟು ಒಳಗೆ ಬರುತ್ತವೆ ಅನ್ನೋದು ನೆನಪಿರಲಿ.

ನಮ್ಮ ಕಪ್ಪು, ಗೋಧಿ ಬಣ್ಣದ ಚರ್ಮಕ್ಕೆ ಒಂದು ಲಾಭ ಇದೆ. ಬಣ್ಣ ಕೊಡುವ ಮೆಲನಿನ್ ಬಿಸಿಲಿಗೆ ಒಂದು ಮಟ್ಟಿಗೆ ಕೊಡೆ ಇದ್ದಂಗ. ಅದಕ್ಕೇ ನಮ್ಮವರಿಗೆ ಸುಕ್ಕು ತಡವಾಗಿ ಬರುತ್ತದೆ. ಆದರೆ ಬಂಗು, ಕಪ್ಪು ಕಲೆ ನಮ್ಮವರಿಗೇ ಜಾಸ್ತಿ. ಅಂದರೆ ನಾವು ಯಾವುದನ್ನು ತೆಗೆಯೋಕೆ ದುಡ್ಡು ಸುರೀತೀವೋ, ಆ ಬಣ್ಣವೇ ನಮ್ಮನ್ನು ಕಾಯ್ತಿರೋದು.

ಖರ್ಚಿಲ್ಲದ ರೂಢಿಗಳು

ಕಬ್ಬಿನ ಹೊಲಕ್ಕೆ ಹೋಗುವ ನಮ್ಮ ಅವ್ವಂದಿರನ್ನು ನೋಡ್ರಿ. ಸೀರೆ ಮೇಲೆ ಗಂಡನ ಹಳೇ ಫುಲ್ ತೋಳಿನ ಅಂಗಿ, ತಲೆಗೆ ಟವೆಲ್. ಕಬ್ಬಿನ ರವದಿ ಕುಯ್ಯಬಾರದು ಅಂತ ಹಾಕ್ಕೊಂಡಿದ್ದು, ಬಿಸಿಲಿಗೂ ಅದೇ ಒಳ್ಳೆಯ ರಕ್ಷಣೆ. ಒತ್ತಾಗಿ ನೇಯ್ದ, ಸಡಿಲ ಬಟ್ಟೆ ಯಾವ ಕ್ರೀಮಿಗೂ ಕಡಿಮೆ ಇಲ್ಲ. ಹುಡುಗರು ಬನಿಯನ್ ಮೇಲೆ ಕೆಲಸ ಮಾಡೋದು ಬಿಟ್ಟು ಇದನ್ನು ಕಲಿಯಬೇಕು.

ಹೊತ್ತು ತಿಳಿಯೋಕೆ ನೆರಳು ನೋಡ್ರಿ. ನಿಮ್ಮ ನೆರಳು ನಿಮಗಿಂತ ಗಿಡ್ಡ ಇದ್ದರೆ ಬಿಸಿಲು ಖಡಕ್ ಅಂತ ತಿಳೀರಿ. ಸಾಧಾರಣ ಬೆಳಿಗ್ಗೆ 10ರಿಂದ ಮಧ್ಯಾಹ್ನ 4ರ ತನಕ. ಆ ಹೊತ್ತಿನಲ್ಲಿ ಆದಷ್ಟು ನೆರಳಿನ ಕೆಲಸ ಇಟ್ಟುಕೊಳ್ಳಿ. ಪಶ್ಚಿಮಕ್ಕೆ ಬಾಗಿಲಿರುವ ಅಂಗಡಿಯವರು ಮಧ್ಯಾಹ್ನದ ಮೇಲೆ ಒಂದು ತಾಡಪತ್ರಿ ಇಳಿಬಿಟ್ಟರೆ ಮುಖಕ್ಕೂ ಒಳ್ಳೇದು, ಮಾಲಿಗೂ ಒಳ್ಳೇದು.

ಸನ್‌ಸ್ಕ್ರೀನ್ ಬೇಕಾ ಅಂತ ಕೇಳ್ತಾರೆ. ಆಸ್ಟ್ರೇಲಿಯಾದಲ್ಲಿ 903 ಜನರ ಮೇಲೆ ನಾಲ್ಕೂವರೆ ವರ್ಷ ನಡೆದ ಅಧ್ಯಯನದ ಫಲಿತಾಂಶ 2013ರಲ್ಲಿ ಬಂತು. ದಿನಾ ಸನ್‌ಸ್ಕ್ರೀನ್ ಹಚ್ಚಿದವರ ಚರ್ಮ, ಮನಸ್ಸು ಬಂದಾಗ ಹಚ್ಚಿದವರಿಗಿಂತ 24 ಶೇಕಡಾ ಕಡಿಮೆ ಮುಪ್ಪಾಗಿತ್ತು. ಅಲ್ಲಿನವರು ಬಹುತೇಕ ಬಿಳಿ ಚರ್ಮದವರು, ಆ ಲೆಕ್ಕ ನಮಗೆ ಹಂಗೇ ಬರಬೇಕೆಂದಿಲ್ಲ. ಆದರೂ ಬಂಗು ಇದ್ದವರಿಗೆ, ದಿನವಿಡೀ ಬೈಕ್ ಮೇಲೆ ತಿರುಗುವವರಿಗೆ ಉಪಯೋಗ ಇದೆ. ಎಸ್‌ಪಿಎಫ್ 30 ಅಂತ ಬರೆದಿದ್ದು ಸಾಕು. ಎರಡು ಬೆರಳುದ್ದ ತೆಗೆದು ಮುಖ, ಕುತ್ತಿಗೆಗೆ ಹಚ್ಚಬೇಕು. ಬೆವರಿದರೆ ಎರಡು ತಾಸಿಗೆ ಮತ್ತೊಮ್ಮೆ. ಕೊಳ್ಳೋಕೆ ಆಗದಿದ್ದರೆ ಚಿಂತೆ ಬೇಡ, ಟೋಪಿ ಮತ್ತು ದುಪಟ್ಟಾ ಐತಿ.

ಜಳಕದ ವಿಷಯ. ಸುಡುಸುಡು ನೀರು ಚರ್ಮದ ಎಣ್ಣೆ ಅಂಶವನ್ನು ತೆಗೆದುಬಿಡುತ್ತದೆ. ಉಗುರುಬೆಚ್ಚಗಿನ ನೀರು ಸಾಕು. ಕಲ್ಲಿನಿಂದ ತಿಕ್ಕಿ ಕೆಂಪು ಮಾಡಿಕೊಳ್ಳೋದು ಬೇಡ. ಮೈ ಒರೆಸಿದ ಕೂಡಲೇ, ಇನ್ನೂ ಪಸಿ ಇರುವಾಗ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲಿನ್ ತೆಳ್ಳಗೆ ಹಚ್ಚಿದರೆ ಒಳಗಿನ ನೀರು ಒಳಗೇ ಉಳಿಯುತ್ತದೆ. ಚಳಿಗಾಲದಲ್ಲಿ ಹಿಮ್ಮಡಿ ಒಡೆಯುವವರು ರಾತ್ರಿ ಕಾಲು ನೆನೆಸಿ, ಒರೆಸಿ, ವ್ಯಾಸಲಿನ್ ಹಚ್ಚಿ ಕಾಲುಚೀಲ ಹಾಕಿ ಮಲಗಲಿ. ಮೊಡವೆ ಇದ್ದವರು ಮುಖಕ್ಕೆ ಎಣ್ಣೆ ಹಚ್ಚೋದು ಬೇಡ.

ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋಗಬೇಡ್ರಿ. ನಿಂಬೆಯ ಅಂಶ ಬಿಸಿಲಿಗೆ ಸೇರಿ ಚರ್ಮ ಸುಟ್ಟಂತೆ ಆಗಿ ಕಪ್ಪು ಕಲೆ ಉಳಿಯಬಹುದು.

ತಂಬಾಕು ಮುಖಕ್ಕೂ ಬರ್ತದ

ನಿಪ್ಪಾಣಿ ಅಂದರೆ ಬೀಡಿ ತಂಬಾಕು. ಈ ಬೆಳೆ, ಈ ಕೆಲಸ ಎಷ್ಟೋ ಮನೆಗಳ ಅನ್ನ. ಅದನ್ನು ದೂರೋದಲ್ಲ. ಆದರೆ ಸೇದುವವರಿಗೆ ಒಂದು ಮಾತು. ಬೀಡಿ, ಸಿಗರೇಟಿನ ನಿಕೋಟಿನ್ ಚರ್ಮದ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಹೊಗೆ ಕೊಲಾಜೆನ್ ಎಳೆಗಳನ್ನು ಕೆಡಿಸುತ್ತದೆ. ತುಟಿ ಸುತ್ತ ಗೆರೆ, ಬಿಳಿಚಿದ ಮುಖ, ಗಾಯ ತಡವಾಗಿ ಮಾಯೋದು, ಎಲ್ಲಾ ಇದರಿಂದಲೇ. ಬಿಸಿಲಿನ ನಂತರ ಚರ್ಮಕ್ಕೆ ದೊಡ್ಡ ವೈರಿ ಇದು.

ಹಸಿ ತಂಬಾಕು ಎಲೆ ಮುಟ್ಟುವವರಿಗೆ ಇನ್ನೊಂದು ಮಾತು. ಎಲೆ ಒದ್ದೆ ಇದ್ದಾಗ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆ. ತಲೆ ತಿರುಗು, ವಾಂತಿ ಆಗೋದು ಅದಕ್ಕೇ. ಕೈಗವಸು, ಉದ್ದ ತೋಳು, ಕೆಲಸ ಮುಗಿದ ಕೂಡಲೇ ಸೋಪು ಹಚ್ಚಿ ತೊಳೆಯೋದು, ಇಷ್ಟು ಮಾಡಲೇಬೇಕು.

ಆ ಟ್ಯೂಬಿನೊಳಗೆ ಏನಿರುತ್ತದೆ?

ಬೇಗ ಬೆಳ್ಳಗೆ ಮಾಡುವ ಎಷ್ಟೋ ಟ್ಯೂಬುಗಳಲ್ಲಿ ಇರೋದು ಸ್ಟಿರಾಯ್ಡ್. ಹಿಂದೆ ಬರೆದಿರುವ ಸಣ್ಣ ಅಕ್ಷರ ಓದ್ರಿ. ಕ್ಲೋಬೆಟಾಸೋಲ್, ಬೆಟಾಮೆಥಾಸೋನ್, ಮೊಮೆಟಾಸೋನ್ ಅಂತ ಇದ್ದರೆ ಅದು ಸ್ಟಿರಾಯ್ಡ್. ಇದು ಕೆಟ್ಟ ಔಷಧ ಅಲ್ಲ. ಇಸಬು, ಕೆಲವು ಅಲರ್ಜಿಗೆ ಡಾಕ್ಟರೇ ಕೊಡ್ತಾರೆ. ಆದರೆ ಯಾವ ಜಾಗಕ್ಕೆ, ಎಷ್ಟು ದಿನ ಅಂತ ಲೆಕ್ಕ ಇಟ್ಟು ಕೊಡ್ತಾರೆ. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಕಾಗದದಂತೆ ತೆಳುವಾಗುತ್ತದೆ, ಕೆಂಪು ನರ ಕಾಣುತ್ತವೆ, ಮೊಡವೆ ಏಳುತ್ತವೆ, ಹೆಣ್ಣುಮಕ್ಕಳ ಮುಖದ ಮೇಲೆ ಕೂದಲು ಬರಬಹುದು. ಚೆಂದ ಆಗೋಕೆ ಹಚ್ಚಿದ್ದೇ ಮುಪ್ಪು ತರುತ್ತದೆ.

ಗಜಕರ್ಣಕ್ಕೂ ಇದೇ ಕಥೆ. ಮೂರು ಔಷಧ ಕೂಡಿಸಿದ ಟ್ಯೂಬ್ ಹಚ್ಚಿದರೆ ತುರಿಕೆ ಎರಡು ದಿನದಲ್ಲಿ ನಿಲ್ಲುತ್ತದೆ. ಆದರೆ ಅದರೊಳಗಿನ ಸ್ಟಿರಾಯ್ಡ್ ಚರ್ಮದ ಕಾವಲನ್ನೇ ಮಲಗಿಸುವುದರಿಂದ ಬೂಸು ಒಳಗೊಳಗೇ ಹರಡುತ್ತದೆ. ಆಮೇಲೆ ಮನೆಮಂದಿಗೆಲ್ಲಾ ಬರುತ್ತದೆ. ಟವೆಲ್ ಬೇರೆ ಬೇರೆ ಇರಲಿ, ಬಟ್ಟೆ ಬಿಸಿಲಿಗೆ ಒಣಗಲಿ, ಡಾಕ್ಟರ್ ಹೇಳಿದಷ್ಟು ದಿನ ಔಷಧ ಬಿಡದೆ ಹಚ್ಚಿ.

ಕೇಂದ್ರ ಸರ್ಕಾರ 2018ರ ಮಾರ್ಚ್‌ನಲ್ಲಿ 14 ಬಗೆಯ ಸ್ಟಿರಾಯ್ಡ್ ಕ್ರೀಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಅಂದರೆ ಡಾಕ್ಟರ್ ಚೀಟಿ ಇಲ್ಲದೆ ಇವನ್ನು ಮಾರುವಂತಿಲ್ಲ.

ಇನ್ನೊಂದು ವಿಷ ಪಾದರಸ. ಮೆಲನಿನ್ ತಯಾರಾಗೋದನ್ನು ಇದು ತಡೆಯುತ್ತದೆ, ಅದಕ್ಕೇ ಬೆಳ್ಳಗೆ ಕಾಣೋದು. ಆದರೆ ಚರ್ಮದಿಂದ ರಕ್ತಕ್ಕಿಳಿದು ಮೂತ್ರಪಿಂಡಕ್ಕೆ ಹೊಡೆತ ಕೊಡುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ಆಸ್ಪತ್ರೆಯೊಂದರ ವೈದ್ಯರು 2021ರಿಂದ 2023ರ ನಡುವೆ ಒಂದೇ ಬಗೆಯ ಕಿಡ್ನಿ ಕಾಯಿಲೆಯ 22 ಜನರನ್ನು ನೋಡಿದರು. ಅವರಲ್ಲಿ 15 ಜನರಿಗೆ ಇದ್ದದ್ದು ಅಪರೂಪದ ವಿಧ. ಆ 15ರಲ್ಲಿ 13 ಜನ ಮುಖ ಬೆಳ್ಳಗಾಗುವ ಕ್ರೀಮ್ ಹಚ್ಚಿದವರು. ಕಾಲು ಬಾವು, ಮೂತ್ರದಲ್ಲಿ ನೊರೆ ಇದರ ಲಕ್ಷಣ. ಹಚ್ಚಿದವರಿಗೆ ಮಾತ್ರ ಅಲ್ಲ, ಟವೆಲ್, ಹಾಸಿಗೆ ಮೂಲಕ ಮನೆಯ ಮಕ್ಕಳಿಗೂ ಅಂಟಬಹುದು.

ಅಂಗಡಿಯವರಿಗೆ ಒಂದು ಮಾತು

ಪರಿಚಯದ ಅಂಗಡಿಯವರೊಬ್ಬರು ನೇರವಾಗಿ ಹೇಳಿದರು: "ತಮ್ಮಾ, ನಾ ಕೊಡಲಿಲ್ಲಂದ್ರ ಬಾಜೂ ಅಂಗಡ್ಯಾಗ ತೊಗೋತಾರ. ಗಿರಾಕಿ ಯಾಕ ಬಿಡ್ಲಿ?" ಮಾತಿನಲ್ಲಿ ಸುಳ್ಳಿಲ್ಲ. ಆದರೆ ಕೊಟ್ಟ ಟ್ಯೂಬ್ ಮುಖ ಸುಟ್ಟರೆ ಆ ಗಿರಾಕಿ, ಅವರ ಓಣಿ ಎರಡೂ ಹೋಗ್ತವೆ. ಸಣ್ಣ ಊರಾಗ ಸುದ್ದಿ ಹರಡೋಕೆ ಹೊತ್ತು ಬೇಕಾಗಲ್ಲ.

ಮಾಲು ಇಳಿಸಿಕೊಳ್ಳುವ ಮುಂಚೆ ಇಷ್ಟು ನೋಡ್ರಿ:

- ತಯಾರಕರ ಹೆಸರು, ಪೂರ್ತಿ ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಅವಧಿ ಮುಗಿಯುವ ದಿನಾಂಕ ಇದೆಯಾ?
- ಹೊರದೇಶದ್ದಾದರೆ ಆಮದು ಮಾಡಿದವರ ಹೆಸರು, ವಿಳಾಸ, ನೋಂದಣಿ ಸಂಖ್ಯೆ ಇದೆಯಾ?
- ಆರ್‌ಎಕ್ಸ್ ಗುರುತು, ಎಡಬದಿಗೆ ಕೆಂಪು ಗೆರೆ ಇದ್ದರೆ ಅದು ಚೀಟಿ ಮೇಲೆ ಮಾರುವ ಔಷಧ. ಕಿರಾಣಿ, ಸ್ಟೇಷನರಿ ಅಂಗಡಿಯಲ್ಲಿ ಇಡುವಂತೆಯೇ ಇಲ್ಲ.
- 2020ರ ಸೌಂದರ್ಯವರ್ಧಕ ನಿಯಮದಂತೆ ಮುಖದ ಕ್ರೀಮಿಗೆ ಪಾದರಸ ಸೇರಿಸುವಂತಿಲ್ಲ. ತಾನಾಗಿ ಬೆರೆತರೂ ಹತ್ತು ಲಕ್ಷದಲ್ಲಿ ಒಂದು ಪಾಲು ದಾಟಬಾರದು. ಬಿಲ್ ಇಲ್ಲದ, ಹೆಸರಿಲ್ಲದ ಡಬ್ಬಿ ಇಟ್ಟುಕೊಂಡರೆ ಜವಾಬ್ದಾರಿ ನಿಮ್ಮ ಮೇಲೇ ಬರುತ್ತದೆ.

ಡಾಕ್ಟರ್ ಹತ್ತಿರ ಯಾವಾಗ?

ಈಗಾಗಲೇ ತಿಂಗಳುಗಟ್ಟಲೆ ಇಂಥ ಟ್ಯೂಬ್ ಹಚ್ಚುತ್ತಿರುವವರು ಒಮ್ಮೆಲೇ ಬಿಟ್ಟು ಗಾಬರಿ ಆಗಬೇಡ್ರಿ. ಟ್ಯೂಬ್ ಸಮೇತ ಚರ್ಮದ ಡಾಕ್ಟರನ್ನು ಕಾಣಿ, ಹಂತಹಂತವಾಗಿ ಬಿಡಿಸುತ್ತಾರೆ. ಬೆಳಗಾವಿಯ ಬಿಮ್ಸ್ ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗ ಇದೆ.

ಸ್ಪರ್ಶ ಗೊತ್ತಾಗದ ತಿಳಿ ಮಚ್ಚೆ ಕಂಡರೆ ಸರ್ಕಾರಿ ದವಾಖಾನೆಗೆ ಹೋಗಿ. ಅದು ಕುಷ್ಠ ಇರಬಹುದು, ಔಷಧ ಉಚಿತ, ಪೂರ್ತಿ ವಾಸಿ ಆಗುತ್ತದೆ. ತಿಂಗಳಾದರೂ ಮಾಯದ ಹುಣ್ಣು, ದೊಡ್ಡದಾಗುತ್ತಿರುವ ಮಚ್ಚೆ ಇದ್ದರೂ ತಡ ಮಾಡಬೇಡಿ. ಕುತ್ತಿಗೆ, ಕಂಕುಳು ಕಪ್ಪಾಗಿ ದಪ್ಪ ಆಗಿದ್ದರೆ ಅದು ಮಣ್ಣಲ್ಲ, ತಿಕ್ಕಿದರೆ ಹೋಗಲ್ಲ. ಎಷ್ಟೋ ಸಲ ಅದು ಸಕ್ಕರೆ ಕಾಯಿಲೆಯ ಮುನ್ಸೂಚನೆ. ರಕ್ತ ತಪಾಸಣೆ ಮಾಡಿಸ್ರಿ.

ಮೊನ್ನೆ ಅಕ್ಕ ತವರಿಗೆ ಬಂದಾಗ ಪಕ್ಕದ ಮನೆ ಹುಡುಗಿ ಕೇಳಿದಳು, "ಅಕ್ಕಾ, ಮದಿವ್ಯಾಗ ಮುಖ ಹೊಳೀತಿತ್ತಲ್ಲ, ಯಾವ ಕ್ರೀಮ್?" ಅಕ್ಕ ಹೆಸರು ಹೇಳಲಿಲ್ಲ. "ಅದು ಬ್ಯಾಡ ತಂಗಿ, ಕಾಲೇಜಿಗೆ ಹೋಗುವಾಗ ದುಪಟ್ಟಾ ತಲಿ ಮ್ಯಾಲ ಹೊತಗೊಂಡ ಹೋಗು, ಸಾಕು" ಅಂದಳು.