ಒಂದು ತೂಬು, ಹಲವು ಗದ್ದೆ: ಸಭೆಯು ತೀರ್ಮಾನಕ್ಕೆ ಬರುವ ಬಗೆ

ಸಭೆ ಎಂಬುದು ನಮಗೆ ಹೊಸತಲ್ಲ. ದೇವಸ್ಥಾನದ ಅಂಗಳದಲ್ಲಿ, ಸಹಕಾರಿ ಸಂಘದ ಕಚೇರಿಯಲ್ಲಿ, ಗ್ರಾಮಪಂಚಾಯತಿಯ ಕಟ್ಟಡದಲ್ಲಿ, ಕಾಲೇಜಿನ ವಿದ್ಯಾರ್ಥಿ ಸಂಘದಲ್ಲಿ ಎಲ್ಲಿಯೋ ಒಂದೆಡೆ ದಿನವೂ ಜನ ಸಭೆ ಸೇರುತ್ತಲೇ ಇರುತ್ತಾರೆ. ಸೇರಿದವರು ತಿಳಿದವರು, ಮಾತಿಗೂ ಕೊರತೆಯಿರುವುದಿಲ್ಲ. ಆದರೂ ಎಷ್ಟೋ ಸಭೆಗಳು ‘ಮುಂದಿನ ಸಭೆಯಲ್ಲಿ ನೋಡೋಣ’ ಎಂಬ ಒಂದೇ ಒಂದು ತೀರ್ಮಾನದೊಡನೆ ಮುಗಿಯುತ್ತವೆ. ಇನ್ನು ಕೆಲವು ಸಭೆಗಳಲ್ಲಿ ಠರಾವು ಪಾಸಾಗುತ್ತದೆ. ಆದರೆ ಮನೆಗೆ ಮರಳುವಾಗ ಹೆಚ್ಚಿನವರಿಗೆ ಅದು ಒಪ್ಪಿಗೆಯಾಗಿರುವುದಿಲ್ಲ. ಇದಕ್ಕೆಲ್ಲ ಜನರ ಸ್ವಭಾವವೇ ಕಾರಣವೆಂದು ಹೇಳಿ ಸುಮ್ಮನಾಗುವುದು ವಾಡಿಕೆ.

ಆದರೆ ಇನ್ನೂರು ವರ್ಷಗಳಿಗೂ ಮಿಕ್ಕ ಕಾಲದಿಂದ ಗಣಿತಜ್ಞರೂ ಮನಃಶಾಸ್ತ್ರಜ್ಞರೂ ಅರ್ಥಶಾಸ್ತ್ರಜ್ಞರೂ ಈ ವಿಷಯವನ್ನು ಪರಿಶೀಲಿಸುತ್ತ ಬಂದಿದ್ದಾರೆ. ಅವರು ಕಂಡುಕೊಂಡ ಮುಖ್ಯ ಸಂಗತಿ ಇದು: ಸಭೆಯ ತೀರ್ಮಾನವು ಸಭಿಕರ ಮನಸ್ಸಿನಲ್ಲಿ ಮೊದಲೇ ಸಿದ್ಧವಾಗಿ ಕುಳಿತಿರುವುದಿಲ್ಲ. ಅಭಿಪ್ರಾಯಗಳನ್ನು ಯಾವ ಕ್ರಮದಲ್ಲಿ ಕೇಳಿ, ಹೇಗೆ ಒಟ್ಟುಗೂಡಿಸಿ, ಎಂದು ಮುಗಿಸುತ್ತೇವೆಂಬುದೂ ತೀರ್ಮಾನವನ್ನು ರೂಪಿಸುತ್ತದೆ. ಇದನ್ನು ಕಡಲತೀರದ ನಿಜವಾದ ಒಂದು ಪ್ರಶ್ನೆಯ ಮೂಲಕ ವಿವೇಚಿಸೋಣ.

ಗಜನಿಯ ಪ್ರಶ್ನೆ

ಉತ್ತರಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿಯು ಕಡಲನ್ನು ಸೇರುತ್ತದೆ. ಇದರ ಅಳಿವೆಯು 2024ರಲ್ಲಿ ಅಂತರರಾಷ್ಟ್ರೀಯ ಮಹತ್ತ್ವದ ರಾಮ್ಸಾರ್ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಅಳಿವೆಯ ಇಕ್ಕೆಲಗಳಲ್ಲಿ ಉಬ್ಬರದ ಉಪ್ಪುನೀರು ನುಗ್ಗುವ ತಗ್ಗು ಭೂಮಿಯುಂಟು; ಅದಕ್ಕೆ ಗಜನಿ ಎಂದು ಹೆಸರು. ಸುತ್ತಲೂ ಒಡ್ಡು ಹಾಕಿ, ಅಲ್ಲಲ್ಲಿ ತೂಬುಗಳನ್ನಿಟ್ಟು, ಅವಕ್ಕೆ ಹಲಗೆಯ ಬಾಗಿಲುಗಳನ್ನು ಜೋಡಿಸಿ ಈ ಭೂಮಿಯನ್ನು ಬೇಸಾಯಕ್ಕೆ ತಂದಿದ್ದಾರೆ. ಮಾಣಿಕಟ್ಟಾದಂಥ ಊರುಗಳಲ್ಲಿ ಇಲ್ಲಿ ಬೆಳೆಯುವ ಭತ್ತವೇ ‘ಕಗ್ಗ’. ಉಪ್ಪಿನಂಶವನ್ನೂ ನೆರೆಯನ್ನೂ ತಾಳಿಕೊಳ್ಳಬಲ್ಲ ತಳಿಯಿದು. ಮಳೆಗಾಲದಲ್ಲಿ ಹೊಳೆಯ ಸಿಹಿನೀರು ಹೆಚ್ಚಿ ಉಪ್ಪು ತಗ್ಗಿದಾಗ ಕಗ್ಗ ಬೆಳೆಯುತ್ತದೆ. ಕೊಯ್ಲಾದ ಮೇಲೆ ಉಪ್ಪುನೀರನ್ನು ಒಳಬಿಟ್ಟರೆ ಅದರೊಡನೆ ಮೀನೂ ಸೀಗಡಿಯೂ ಬರುತ್ತವೆ. ಸೀಗಡಿಗೆ ಕರಾವಳಿಯ ಮಾತಿನಲ್ಲಿ ಶೆಟ್ಲಿ ಎನ್ನುತ್ತಾರೆ.

ಒಂದಕ್ಕೊಂದು ಕೂಡಿಕೊಂಡ ಪಾತ್ರೆಗಳಲ್ಲಿ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆಂಬುದನ್ನು ನಮ್ಮ ವಿದ್ಯಾರ್ಥಿಗಳು ಪ್ರೌಢಶಾಲೆಯಲ್ಲಿಯೇ ಕಲಿತಿದ್ದಾರೆ. ಗಜನಿಯ ಸಮಸ್ತ ಕಷ್ಟವೂ ಈ ನಿಯಮದಲ್ಲಿ ಅಡಗಿದೆ. ಒಬ್ಬನ ಗದ್ದೆಗೆ ಮಾತ್ರ ಉಪ್ಪುನೀರು ಬಿಟ್ಟು ಪಕ್ಕದವನ ಗದ್ದೆಯನ್ನು ಒಣಗಿಸಿಡಲು ಸಾಧ್ಯವಿಲ್ಲ. ತೂಬು ಒಂದು, ಗದ್ದೆ ಹಲವು. ಆದುದರಿಂದ ತೀರ್ಮಾನವೂ ಒಂದೇ ಆಗಬೇಕು. ಅದಕ್ಕೆ ಕಾಲಮಿತಿಯೂ ಉಂಟು. ಅಮಾವಾಸ್ಯೆ ಹುಣ್ಣಿಮೆಗಳ ದೊಡ್ಡ ಉಬ್ಬರವಾಗಲಿ, ಜೂನ್ ತಿಂಗಳ ಮಳೆಯಾಗಲಿ, ಸಭೆ ಮುಗಿಯಲೆಂದು ಕಾಯುವುದಿಲ್ಲ. ತೀರ್ಮಾನವಾಗದೆ ಉಳಿದರೆ ಮುರಿದ ಹಲಗೆ ಮುರಿದೇ ಇರುತ್ತದೆ, ಉಪ್ಪುನೀರು ತಾನಾಗಿ ಒಳಗೆ ಬರುತ್ತದೆ. ತೀರ್ಮಾನಿಸದಿರುವುದೂ ಒಂದು ತೀರ್ಮಾನವೇ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಕೈ ಎತ್ತಿಸುವುದರಲ್ಲಿರುವ ಮೋಸ

ಇಂಥ ಒಂದು ಗಜನಿಯಲ್ಲಿ 21 ರೈತರಿದ್ದಾರೆಂದು ಭಾವಿಸೋಣ. ಅವರ ಮುಂದೆ ಮೂರು ದಾರಿಗಳಿವೆ: ವರ್ಷವಿಡೀ ಉಪ್ಪುನೀರನ್ನು ತಡೆದು ಭತ್ತವನ್ನಷ್ಟೇ ಬೆಳೆಯುವುದು, ಮಳೆಗಾಲದಲ್ಲಿ ಭತ್ತ, ಅನಂತರ ಶೆಟ್ಲಿ, ವರ್ಷವಿಡೀ ಶೆಟ್ಲಿ. ಭತ್ತವನ್ನಷ್ಟೇ ಬಯಸುವವರು 8 ಮಂದಿ, ಎರಡನ್ನೂ ಬಯಸುವವರು 4, ಶೆಟ್ಲಿಯನ್ನಷ್ಟೇ ಬಯಸುವವರು 9. ಅಧ್ಯಕ್ಷರು ಕೈ ಎತ್ತಿಸಿದರೆ ಶೆಟ್ಲಿಯ ಪಕ್ಷವೇ ಗೆದ್ದಿತು.

ಈಗ ಎರಡೆರಡು ದಾರಿಗಳನ್ನು ಎದುರುಬದುರಾಗಿ ನಿಲ್ಲಿಸಿ ಕೇಳೋಣ. ತಮ್ಮ ಮೊದಲ ಆಯ್ಕೆ ದೊರೆಯದಿದ್ದರೆ ಭತ್ತದವರೂ ಶೆಟ್ಲಿಯವರೂ ನಡುವಣ ದಾರಿಯನ್ನೇ ಮೆಚ್ಚುವುದು ಸಹಜ. ‘ಎರಡೂ’ ಮತ್ತು ‘ಶೆಟ್ಲಿ ಮಾತ್ರ’ ಇವುಗಳಲ್ಲಿ ಯಾವುದೆಂದರೆ 12 ಮಂದಿ ಮೊದಲನೆಯದರ ಪರ, 9 ಮಂದಿ ಎರಡನೆಯದರ ಪರ. ‘ಎರಡೂ’ ಮತ್ತು ‘ಭತ್ತ ಮಾತ್ರ’ ಇವುಗಳಲ್ಲಿ ಯಾವುದೆಂದರೆ 13ಕ್ಕೆ 8. ಮೊದಲ ಬಾರಿ ಕೇವಲ 4 ಕೈಗಳನ್ನು ಕಂಡ ದಾರಿಯೇ ಉಳಿದ ಎರಡನ್ನೂ ಸೋಲಿಸಿತು! ಯಾರ ಮನಸ್ಸೂ ಬದಲಾಗಲಿಲ್ಲ. ಬದಲಾದದ್ದು ಕೇಳುವ ಕ್ರಮ ಮಾತ್ರ.

ಆಯ್ಕೆಗಳು ಒಂದೇ ಗೆರೆಯ ಮೇಲೆ ಸಾಲಾಗಿ ನಿಂತು, ಪ್ರತಿಯೊಬ್ಬನೂ ತನ್ನ ಇಷ್ಟದ ಬಿಂದುವಿನಿಂದ ದೂರ ಸರಿದಂತೆಲ್ಲ ಕಡಿಮೆ ಮೆಚ್ಚುವನಾದರೆ, ಸಾಲಿನ ನಟ್ಟನಡುವೆ ನಿಂತವನ ಆಯ್ಕೆ ಹೀಗೆ ಗೆಲ್ಲುತ್ತದೆಂದು ಸ್ಕಾಟ್ಲೆಂಡಿನ ಅರ್ಥಶಾಸ್ತ್ರಜ್ಞ ಡಂಕನ್ ಬ್ಲ್ಯಾಕ್ 1948ರಲ್ಲಿ ತೋರಿಸಿದನು. ಮಳೆಗಾಲಕ್ಕೆ ಕಗ್ಗ, ಬೇಸಗೆಗೆ ಮೀನು ಎಂಬ ಗಜನಿಯ ಹಳೆಯ ಪದ್ಧತಿಯೂ ಇಂಥ ನಡುವಣ ದಾರಿಯೇ ಎಂಬುದನ್ನು ವಾಚಕರು ಗಮನಿಸಬಹುದು.

ಸುತ್ತಿ ಸುಳಿವ ಅಭಿಮತ

ಆದರೆ ಎಲ್ಲ ಪ್ರಶ್ನೆಗಳೂ ಗೆರೆಯ ಮೇಲೆ ನಿಲ್ಲುವುದಿಲ್ಲ. ಇದೇ 21 ಮಂದಿ ದುರಸ್ತಿಯ ಕೆಲಸಕ್ಕೆ ಸೇರಿದ್ದಾರೆನ್ನೋಣ. ಈ ವರ್ಷದ ಹಣದಿಂದ ಮೊದಲು ಮಾಡಬೇಕಾದ್ದು ತೂಬೋ, ಒಡ್ಡೋ, ಹೂಳು ತುಂಬಿದ ಕಾಲುವೆಯೋ? ಏಳು ಮಂದಿಯ ಮೆಚ್ಚುಗೆಯ ಕ್ರಮ ತೂಬು, ಒಡ್ಡು, ಕಾಲುವೆ. ಇನ್ನೇಳು ಮಂದಿಯದು ಒಡ್ಡು, ಕಾಲುವೆ, ತೂಬು. ಉಳಿದ ಏಳು ಮಂದಿಯದು ಕಾಲುವೆ, ತೂಬು, ಒಡ್ಡು. ಲೆಕ್ಕ ಹಾಕಿ ನೋಡಿದರೆ, ಒಡ್ಡಿಗಿಂತ ತೂಬು ಲೇಸೆನ್ನುವವರು 14. ಕಾಲುವೆಗಿಂತ ಒಡ್ಡು ಲೇಸೆನ್ನುವವರು 14. ಹಾಗಾದರೆ ಕಾಲುವೆಗಿಂತ ತೂಬು ಲೇಸಾಗಬೇಕಷ್ಟೆ? ಆದರೆ ತೂಬಿಗಿಂತ ಕಾಲುವೆ ಲೇಸೆನ್ನುವವರೇ 14! ಪ್ರತಿಯೊಬ್ಬನ ಮನಸ್ಸೂ ಸುಸಂಗತವಾಗಿದೆ. ಸಭೆಯ ಮನಸ್ಸು ಮಾತ್ರ ಗಾಣದೆತ್ತಿನಂತೆ ಸುತ್ತುತ್ತಿದೆ. ಮೂರು ಗಂಟೆ ಚರ್ಚಿಸಿದರೂ ಮುಗಿಯದ ಸಭೆಗಳಲ್ಲಿ ಕೆಲವಾದರೂ ಹೀಗೆ ಸುತ್ತುತ್ತಿರುತ್ತವೆ.

ಈ ವೈಚಿತ್ರ್ಯವನ್ನು ಫ್ರೆಂಚ್ ಗಣಿತಜ್ಞ ಕಾಂಡೋರ್ಸೆ 1785ರಲ್ಲಿಯೇ ವಿವರಿಸಿದ್ದನು. ಇದರಿಂದ ಒದಗುವ ಅಪಾಯವೆಂದರೆ, ಸುತ್ತು ಬಿದ್ದಾಗ ವಿಷಯಗಳನ್ನು ಮಂಡಿಸುವವನೇ ಫಲವನ್ನು ನಿರ್ಣಯಿಸಬಲ್ಲನು. ಮೊದಲು ತೂಬನ್ನೂ ಒಡ್ಡನ್ನೂ ಹೋಲಿಸಿ, ಗೆದ್ದುದನ್ನು ಕಾಲುವೆಯೊಡನೆ ಹೋಲಿಸಿದರೆ ಕಾಲುವೆ ಗೆಲ್ಲುತ್ತದೆ. ಒಡ್ಡು ಕಾಲುವೆಗಳಿಂದ ಆರಂಭಿಸಿದರೆ ತೂಬು ಗೆಲ್ಲುತ್ತದೆ. ಯಾವುದನ್ನು ಕೊನೆಗೆ ತರುತ್ತಾನೋ ಅದಕ್ಕೇ ಜಯ. ಅಮೆರಿಕದ ಕೆನೆತ್ ಆ್ಯರೋ 1951ರಲ್ಲಿ ಇನ್ನೂ ಮುಂದೆ ಹೋಗಿ, ಆಯ್ಕೆಗಳು ಮೂರು ಅಥವಾ ಹೆಚ್ಚಾಗಿದ್ದಾಗ ನ್ಯಾಯಸಮ್ಮತವೆಂದು ತೋರುವ ಕೆಲವೇ ಷರತ್ತುಗಳನ್ನು ಏಕಕಾಲದಲ್ಲಿ ಪೂರೈಸಬಲ್ಲ ಎಣಿಕೆಯ ಕ್ರಮವು ಯಾವುದೂ ಇರಲಾರದೆಂದು ಸಾಧಿಸಿದನು. 1972ರಲ್ಲಿ ಅವನಿಗೆ ಅರ್ಥಶಾಸ್ತ್ರದ ನೊಬೆಲ್ ಬಹುಮಾನ ದೊರೆಯಿತು.

ಇದರ ಅರ್ಥ ಸಭೆಗಳು ವ್ಯರ್ಥವೆಂದಲ್ಲ. ದೋಷರಹಿತವಾದ ಕ್ರಮವಿಲ್ಲದಿರುವುದರಿಂದಲೇ, ಯಾವ ಕ್ರಮದಲ್ಲಿ ತೀರ್ಮಾನಿಸುತ್ತೇವೆಂಬುದನ್ನು ವಿಷಯಕ್ಕೆ ಕೈ ಹಾಕುವ ಮುನ್ನವೇ ಎಲ್ಲರೂ ಒಪ್ಪಿಕೊಳ್ಳಬೇಕು ಎಂದಷ್ಟೇ. ತೂಬು ಈ ವರ್ಷ, ಒಡ್ಡು ಬರುವ ವರ್ಷ, ಕಾಲುವೆ ಅದರ ಮರುವರ್ಷ ಎಂದು ಸರದಿಯನ್ನು ಒಪ್ಪಿಕೊಂಡರೆ, ಮೊದಲ ಸರದಿ ಯಾವುದಕ್ಕೆಂದು ಚೀಟಿ ಎತ್ತಿಯಾದರೂ ಸುತ್ತಿನಿಂದ ಹೊರಬರಬಹುದು.

ಸ್ವತಂತ್ರವಾದ ಕಣ್ಣುಗಳು

ಪ್ರಯೋಗಶಾಲೆಯಲ್ಲಿ ಒಂದು ಉದ್ದವನ್ನು ಹತ್ತು ಸಲ ಅಳೆದು ಸರಾಸರಿ ತೆಗೆಯುವುದೇಕೆ? ಒಂದು ಅಳತೆ ತುಸು ಹೆಚ್ಚಾದರೆ ಇನ್ನೊಂದು ತುಸು ಕಡಿಮೆಯಾಗಿ, ತಪ್ಪುಗಳು ಪರಸ್ಪರ ಕಳೆದುಹೋಗುತ್ತವೆ. ಆದರೆ ಅಳತೆಗೋಲೇ ಸವೆದಿದ್ದರೆ ನೂರು ಸಲ ಅಳೆದರೂ ಪ್ರಯೋಜನವಿಲ್ಲ. ಸಭೆಗೂ ಈ ಮಾತು ಸಲ್ಲುತ್ತದೆ. ಸರಿಯುತ್ತರವಿರುವ ಒಂದು ಪ್ರಶ್ನೆಯಲ್ಲಿ ಪ್ರತಿಯೊಬ್ಬನೂ ನೂರಕ್ಕೆ 60 ಸಲ ಸರಿಯಾಗಿ ಹೇಳುವನೆಂದಿಟ್ಟುಕೊಳ್ಳಿ. ಮೂವರು ಸ್ವತಂತ್ರವಾಗಿ ಯೋಚಿಸಿದರೆ ಅವರ ಬಹುಮತವು ನೂರಕ್ಕೆ ಸುಮಾರು 65 ಸಲ ಸರಿಯಾಗಿರುತ್ತದೆ. 21 ಮಂದಿಯಾದರೆ ಸುಮಾರು 83 ಸಲ. ಇದೂ ಕಾಂಡೋರ್ಸೆಯ ಗಣಿತವೇ. ಆದರೆ 21 ಮಂದಿಯೂ ಒಬ್ಬ ಹಿರಿಯರ ಮುಖ ನೋಡಿ ತಲೆಯಾಡಿಸಿದರೆ ಅದು 21 ಅಭಿಪ್ರಾಯಗಳಲ್ಲ, ಒಂದೇ ಅಭಿಪ್ರಾಯ. ಫಲವು ಮತ್ತೆ 60ಕ್ಕೆ ಇಳಿಯುತ್ತದೆ.

ಇಂಗ್ಲೆಂಡಿನ ಪ್ಲಿಮತ್ ನಗರದ ಒಂದು ಪ್ರದರ್ಶನದಲ್ಲಿ ಎತ್ತಿನ ಮಾಂಸದ ತೂಕವನ್ನು ಊಹಿಸುವ ಪಂದ್ಯವಿತ್ತು. ಜನರು ಬರೆದುಕೊಟ್ಟ 787 ಚೀಟಿಗಳನ್ನು ಪರಿಶೀಲಿಸಿದ ಫ್ರಾನ್ಸಿಸ್ ಗಾಲ್ಟನ್ 1907ರಲ್ಲಿ ತನ್ನ ಫಲಿತಾಂಶವನ್ನು ಪ್ರಕಟಿಸಿದನು. ನಡುವಣ ಊಹೆ 1207 ಪೌಂಡು, ನಿಜವಾದ ತೂಕ 1198 ಪೌಂಡು. ಊಹೆಗಳು ಇಷ್ಟು ಹತ್ತಿರ ಬಂದುದಕ್ಕೆ, ಪ್ರತಿಯೊಬ್ಬನೂ ಬೇರೆಬೇರೆಯಾಗಿ ಚೀಟಿ ಬರೆದುದೂ ಒಂದು ಕಾರಣ. ಇದಕ್ಕೆ ವಿರುದ್ಧವಾದ ಚಿತ್ರವನ್ನು ಸಾಲೊಮನ್ ಆ್ಯಶ್ ಎಂಬ ಮನಃಶಾಸ್ತ್ರಜ್ಞ 1951ರಲ್ಲಿ ಒದಗಿಸಿದನು. ಗೆರೆಗಳ ಉದ್ದವನ್ನು ಹೋಲಿಸುವ ತೀರ ಸುಲಭವಾದ ಪ್ರಶ್ನೆಗೆ, ಮೊದಲೇ ಹೇಳಿಕೊಟ್ಟಿದ್ದ ಜನರು ಒಂದೇ ಸ್ವರದಲ್ಲಿ ತಪ್ಪುತ್ತರ ಕೊಟ್ಟರು. ಆಗ ಪರೀಕ್ಷೆಗೆ ಒಳಗಾದವರ ಉತ್ತರಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಆ ತಪ್ಪನ್ನೇ ಅನುಸರಿಸಿತು. ಆದರೆ ಒಬ್ಬನೇ ಒಬ್ಬ ಜತೆಗಾರ ನಿಜವನ್ನು ನುಡಿದೊಡನೆ ಈ ಪ್ರಮಾಣ ಬಹಳವಾಗಿ ಇಳಿದುಹೋಯಿತು. ಸಭೆಯಲ್ಲಿ ‘ನನಗೆ ಬೇರೆ ತೋರುತ್ತದೆ’ ಎನ್ನುವ ಒಬ್ಬನಿಂದ ಎಷ್ಟು ಉಪಕಾರವಾಗುವುದೆಂಬುದು ಇದರಿಂದ ತಿಳಿಯುತ್ತದೆ.

ಬಹುಮತವೇ ಸಾಕೆ?

ಎಲ್ಲ ಕೆಲಸಕ್ಕೂ ಸಭೆ ಬೇಕಿಲ್ಲ. ಭಟ್ಕಳ, ಹೊನ್ನಾವರಗಳ ದಂಡೆಯಲ್ಲಿ ಹಿಂದೆ ಹತ್ತಾರು ಜನರು ಕೂಡಿ ರಂಪಣಿ ಬಲೆಯನ್ನು ಎಳೆಯುತ್ತಿದ್ದರು. ಬಂಗುಡೆಯ ಹಿಂಡು ಕಾಣಿಸಿದಾಗ ಬಲೆ ಬಿಡೋಣವೇ ಬೇಡವೇ ಎಂದು ಮತ ಎಣಿಸುತ್ತ ಕುಳಿತರೆ ಮೀನು ನಿಲ್ಲುವುದೆ? ಅಲ್ಲಿ ಅನುಭವಿಯೊಬ್ಬನ ಮಾತೇ ನಡೆಯಬೇಕು. ಹಿಡಿದ ಮೀನಿನಲ್ಲಿ ಯಾರಿಗೆ ಎಷ್ಟು ಪಾಲೆಂಬುದಾದರೋ ಎಲ್ಲರೂ ಮೊದಲೇ ಒಪ್ಪಬೇಕಾದ ವಿಷಯ.

ಗಜನಿಯ ತೂಬು ಈ ಎರಡನೆಯ ಜಾತಿಗೆ ಸೇರಿದ್ದು. 12ಕ್ಕೆ 9ರಂತೆ ಠರಾವು ಗೆದ್ದಿತೆನ್ನಿ. ಸೋತ ಒಂಬತ್ತು ಮಂದಿಯಲ್ಲಿ ಒಬ್ಬನು ರಾತ್ರಿ ಹಲಗೆಯನ್ನು ಎತ್ತಿದರೆ ಹನ್ನೆರಡು ಮಂದಿಯ ಬಹುಮತವು ಬೆಳಗಾಗುವಷ್ಟರಲ್ಲಿ ನೀರುಪಾಲಾಗುತ್ತದೆ. ಆದುದರಿಂದ ಇಂಥ ವಿಷಯಗಳಲ್ಲಿ ಕೇಳಬೇಕಾದ ಪ್ರಶ್ನೆ ‘ಇದು ನಿಮಗೆ ಅತ್ಯುತ್ತಮವೆನಿಸುತ್ತದೆಯೆ?’ ಎಂಬುದಲ್ಲ, ‘ಇದರೊಡನೆ ನೀವು ಬಾಳಬಲ್ಲಿರಾ? ಇಲ್ಲವಾದರೆ ಏನನ್ನು ತಿದ್ದಬೇಕು?’ ಎಂಬುದು. ಮೊದಲ ಪ್ರಶ್ನೆಗೆ 21 ಮಂದಿ ಒಂದೇ ಉತ್ತರ ಕೊಡುವುದು ದುರ್ಲಭ. ಎರಡನೆಯದಕ್ಕೆ ದಾರಿಯುಂಟು: ಶೆಟ್ಲಿಯ ಆದಾಯದಲ್ಲಿ ಒಂದು ಭಾಗವನ್ನು ಒಡ್ಡಿನ ದುರಸ್ತಿಗೆ ಕೊಡುವುದು, ಕೊಯ್ಲು ಪೂರ್ತಿ ಮುಗಿಯುವವರೆಗೆ ಹಲಗೆ ಎತ್ತದಿರುವುದು, ಇತ್ಯಾದಿ.

ಮುಗಿಸುವ ವಿದ್ಯೆ

ಒಪ್ಪಿಗೆಯಾದೊಡನೆ ತೀರ್ಮಾನ ಪೂರ್ಣವಾಗುವುದಿಲ್ಲ. ಕುಮಟಾ ತಾಲ್ಲೂಕಿನದೇ ಆದ ಹಳಕಾರ ಗ್ರಾಮದಿಂದ ಈ ಪಾಠವನ್ನು ಕಲಿಯಬಹುದು. 1921ರಲ್ಲಿ ಕಾಲಿನ್ಸ್ ಎಂಬ ಅಧಿಕಾರಿ ಕೆನರಾದ ಕರಾವಳಿಯ ಕಾಡುಗಳನ್ನು ಕುರಿತು ಮುಂಬಯಿ ಸರ್ಕಾರಕ್ಕೆ ವರದಿ ಸಲ್ಲಿಸಿ, ಊರ ಬಳಿಯ ಕಾಡುಗಳನ್ನು ಗ್ರಾಮದವರ ಪಂಚಾಯತಿಗೆ ಒಪ್ಪಿಸಬಹುದೆಂದು ಸೂಚಿಸಿದನು. ಅದರಿಂದ ಹುಟ್ಟಿದ ಗ್ರಾಮ ಅರಣ್ಯ ಪಂಚಾಯತಿಗಳಲ್ಲಿ ಹಳಕಾರದ್ದು ದೀರ್ಘಕಾಲ ಬಾಳಿ ಪ್ರಸಿದ್ಧವಾಯಿತು. ಅಲ್ಲಿನವರು ‘ಕಾಡನ್ನು ಕಾಪಾಡಬೇಕು’ ಎಂದಷ್ಟೇ ಠರಾವು ಮಾಡಿ ಎದ್ದುಹೋಗಲಿಲ್ಲ. ಕಾವಲುಗಾರನನ್ನು ನೇಮಿಸಿದರು, ಅವನ ಸಂಬಳಕ್ಕೆ ದಾರಿ ಮಾಡಿದರು, ಕಟ್ಟಿಗೆ ತರಲು ಕಟ್ಟಳೆಗಳನ್ನಿಟ್ಟರು. ಜಗತ್ತಿನ ನಾನಾ ಕಡೆಗಳ ಇಂಥ ಸಮುದಾಯಗಳನ್ನು ಅಭ್ಯಸಿಸಿದ ಎಲಿನಾರ್ ಆಸ್ಟ್ರಮ್ ಅವರು 1990ರ ತಮ್ಮ ಗ್ರಂಥದಲ್ಲಿ, ಬಾಳಿ ಉಳಿದ ಕಟ್ಟಳೆಗಳ ಲಕ್ಷಣಗಳನ್ನು ಹೇಳಿದ್ದಾರೆ. ಕಟ್ಟಳೆಗೆ ಒಳಗಾಗುವವರೇ ಅದನ್ನು ತಿದ್ದಲು ಶಕ್ತರಾಗಿರಬೇಕು. ಕಾಯುವವನು ಅವರಿಗೆ ಉತ್ತರ ಹೇಳಬೇಕು. ತಪ್ಪಿಗೆ ದಂಡವು ಚಿಕ್ಕದರಿಂದ ಆರಂಭವಾಗಬೇಕು. ಜಗಳ ತೀರಿಸಲು ಹತ್ತಿರದಲ್ಲಿಯೇ, ಕಡಿಮೆ ಖರ್ಚಿನಲ್ಲಿ, ಒಂದು ಸ್ಥಳವಿರಬೇಕು. 2009ರಲ್ಲಿ ಅವರಿಗೂ ಅರ್ಥಶಾಸ್ತ್ರದ ನೊಬೆಲ್ ಬಹುಮಾನ ಸಂದಿತು.

ಇಷ್ಟರಿಂದ ವಿದ್ಯಾರ್ಥಿಗಳು ತಮ್ಮ ಸಭೆಗಳಿಗೆ ಕೊಂಡೊಯ್ಯಬಹುದಾದ ಸೂತ್ರಗಳು ಕೆಲವೇ. ಮೊದಲನೆಯದಾಗಿ, ಏನನ್ನು, ಯಾವ ಕ್ರಮದಿಂದ, ಎಷ್ಟು ಹೊತ್ತಿನೊಳಗೆ ತೀರ್ಮಾನಿಸಬೇಕೆಂಬುದನ್ನು ಆರಂಭದಲ್ಲಿಯೇ ಗೊತ್ತುಮಾಡಿಕೊಳ್ಳಿ. ಎರಡನೆಯದಾಗಿ, ಅಧ್ಯಕ್ಷರೂ ಹಿರಿಯರೂ ಕೊನೆಗೆ ಮಾತನಾಡಲಿ. ಬೇಕಾದರೆ ಎಲ್ಲರೂ ಮೊದಲು ಚೀಟಿಯಲ್ಲಿ ಬರೆಯಲಿ. ಮೂರನೆಯದಾಗಿ, ಆಯ್ಕೆಗಳು ಎರಡಕ್ಕಿಂತ ಹೆಚ್ಚಿದ್ದರೆ ಒಮ್ಮೆಲೇ ಕೈ ಎತ್ತಿಸದೆ ಎರಡೆರಡನ್ನು ಹೋಲಿಸಿ ನೋಡಿ. ನಾಲ್ಕನೆಯದಾಗಿ, ಎಲ್ಲರ ಸಹಕಾರವಿಲ್ಲದೆ ನಡೆಯದ ಕೆಲಸವಾದರೆ ಸೋತವರ ಆಕ್ಷೇಪವನ್ನು ಕೇಳಿ ತಿದ್ದಿಕೊಳ್ಳಿ. ಕೊನೆಯದಾಗಿ, ಏಳುವ ಮುನ್ನ ನಡವಳಿ ಪುಸ್ತಕದಲ್ಲಿ ಮೂರು ಸಂಗತಿಗಳನ್ನು ಬರೆದು ಗಟ್ಟಿಯಾಗಿ ಓದಿ: ಯಾರು ಮಾಡಬೇಕು, ಯಾವ ದಿನದೊಳಗೆ ಮಾಡಬೇಕು, ಸರಿಹೋಗದಿದ್ದರೆ ಮತ್ತೆ ಎಂದು ಸೇರಬೇಕು. ಮತ್ತೆ ಸೇರುವ ದಿನ ಗೊತ್ತಾಗಿದ್ದರೆ, ಒಪ್ಪದವನೂ ಅಲ್ಲಿಯವರೆಗೆ ತಾಳ್ಮೆಯಿಂದಿರಲು ಕಾರಣವುಂಟಾಗುತ್ತದೆ.

ಹಲಗೆಯನ್ನು ಇಳಿಸುವ ಕೈ ಒಬ್ಬನದಾದರೂ, ಅದನ್ನು ಇಳಿದ ಜಾಗದಲ್ಲಿಯೇ ನಿಲ್ಲಿಸುವುದು ಎಲ್ಲರ ಸಮ್ಮತಿ. ಆ ಸಮ್ಮತಿಯನ್ನು ಪಡೆಯುವುದಕ್ಕೂ ಒಂದು ವಿದ್ಯೆಯಿದೆ. ಉಳಿದ ವಿದ್ಯೆಗಳಂತೆ ಅದನ್ನೂ ಅಭ್ಯಾಸದಿಂದ ಕಲಿಯಬಹುದು.