ಕೈಕೊಡುವ ನುಡಿಗಟ್ಟುಗಳು

ಕನ್ನಡ ಶಾಲೆಯಲ್ಲಿ ಓದಿ, ಹಳ್ಳಿಯಿಂದ ಮೈಸೂರಿನ ಕಾಲೇಜಿಗೆ ಬರುವ ಹುಡುಗನಿಗೆ ಇಂಗ್ಲಿಷಿನ ಕಠಿನ ಪದಗಳಿಗಿಂತ ಸುಲಭ ಪದಗಳೇ ಹೆಚ್ಚು ತೊಡಕು. ಕಠಿನ ಪದಕ್ಕೆ ನಿಘಂಟು ಉಂಟು. ‘ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಎಂಬಲ್ಲಿ ಅವನು ಅರಿಯದ ಪದ ಒಂದೂ ಇಲ್ಲ. ಆದರೂ ಅರ್ಥ ಕೈಗೆ ಸಿಕ್ಕದು. ಬೆಕ್ಕು ನಾಯಿಗಳು ಮಳೆಯಲ್ಲಿ ನೆನೆದವೆಂದು ಹೇಳಿದನೋ, ತರಗತಿಯೆಲ್ಲ ನಗುತ್ತದೆ. ಆಮೇಲೆ ಅವನು ವರ್ಷಪೂರ್ತಿ ಬಾಯಿ ತೆರೆಯುವುದಿಲ್ಲ. ಮಳೆ ಧೋ ಎಂದು ಸುರಿಯುತ್ತಿದೆ ಎಂಬುದಷ್ಟೇ ಅದರ ತಾತ್ಪರ್ಯ.

ಬಿಡಿ ಪದಗಳ ಅರ್ಥವನ್ನು ಕೂಡಿಸಿದರೆ ನುಡಿಗಟ್ಟಿನ ಅರ್ಥ ಹುಟ್ಟುವುದಿಲ್ಲ. ಇಂಗ್ಲಿಷಿನವರು ‘ಗಿವ್ ಎ ಹ್ಯಾಂಡ್’ ಎಂದರೆ ನೆರವಾಗು ಎಂದರ್ಥ. ಅದನ್ನೇ ಪದಕ್ಕೆ ಪದವಿಟ್ಟು ‘ಕೈಕೊಡು’ ಎಂದರೆ ಕನ್ನಡದಲ್ಲಿ ನಂಬಿಸಿ ಮೋಸಮಾಡಿದಂತಾಯಿತು! ‘ವೈಟ್ ಎಲಿಫೆಂಟ್’ ಎಂದರೆ ಸಾಕಲು ದುಬಾರಿಯಾದ, ಉಪಯೋಗಕ್ಕೆ ಬಾರದ ವಸ್ತು. ಸಯಾಮಿನ ಅರಸರು ಒಲ್ಲದವರಿಗೆ ಬಿಳಿಯಾನೆಯನ್ನು ದಾನವಿತ್ತು ದಿವಾಳಿಯೆಬ್ಬಿಸುತ್ತಿದ್ದರೆಂದು ಅದರ ಹಿಂದೊಂದು ಕಥೆ. ಜಂಬೂಸವಾರಿಯ ಊರಿನವರಿಗೆ ಬಿಳಿಯಾನೆಯೆಂದರೆ ಮೊದಲು ನೆನಪಾಗುವುದು ದೇವೇಂದ್ರನ ಐರಾವತ. ಆದರೂ ಪತ್ರಿಕೆಗಳ ಬಳಕೆಯಿಂದ ಆ ಪರದೇಶದ ಬಿಳಿಯಾನೆ ಇಂದು ಕನ್ನಡದಲ್ಲಿಯೂ ನೆಲೆ ಕಂಡಿದೆ.

ಅರ್ಥದಷ್ಟೇ ಸಂದರ್ಭವೂ ಮುಖ್ಯ. ‘ಕಿಕ್ ದಿ ಬಕೆಟ್’ ಎಂದರೆ ಸಾಯುವುದೆಂದು ತಿಳಿದು ಸಂತಾಪಪತ್ರದಲ್ಲಿ ಬರೆದರೆ, ಹಿರಿಯರೊಬ್ಬರು ‘ಗೊಟಕ್ಕೆಂದರು’ ಎಂದಷ್ಟೇ ಅಸಭ್ಯ.

ಈ ಎರಡು ಭಾಷೆಗಳ ನಡುವೆ ಸೇತುವೆ ಕಟ್ಟುವ ಕೆಲಸ ಮೈಸೂರಿಗೆ ಹೊಸದಲ್ಲ. ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಬೋಧಿಸಿದ ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಪ್ರಕಟವಾಯಿತು. ಪದಗಳನ್ನು ಸಾಗಿಸುವುದಕ್ಕಿಂತ ಭಾವವನ್ನು ಕನ್ನಡದ ಜಾಡಿಗೆ ಒಗ್ಗಿಸುವುದು ಮೇಲೆಂದು ಅವರು ಮಾಡಿ ತೋರಿಸಿದರು. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯವು 1946ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನು ಹೊರತಂದಿತು.

ಕಲಿಯುವವರಿಗೆ ಹಾದಿ ಸರಳವಾಗಿದೆ. ನುಡಿಗಟ್ಟನ್ನು ಒಂಟಿಯಾಗಿ ಉರುಹೊಡೆಯದೆ, ವಾಕ್ಯದಲ್ಲಿಟ್ಟು ನೋಡಬೇಕು. ಯಾರು, ಯಾರೊಡನೆ, ಯಾವಾಗ ಆಡಿದರೆಂದು ಗಮನಿಸಬೇಕು. ಬಳಿಕ ಮನೆಮಾತಿನಲ್ಲಿ ಅದರ ಜೊತೆಗಾರನನ್ನು ಹುಡುಕಬೇಕು. ಇಲಿಗಿಂತ ತುಸು ದೊಡ್ಡದಾದ ‘ಮೋಲ್’ ತೋಡಿದ ಮಣ್ಣಗುಪ್ಪೆಯನ್ನು ಪರ್ವತ ಮಾಡುವರೆಂದು ಇಂಗ್ಲಿಷಿನವರು ಹೇಳಿದರೆ, ನಮ್ಮ ಅಜ್ಜಿಯರು ‘ಕಡ್ಡಿಯನ್ನು ಗುಡ್ಡ ಮಾಡಬೇಡ’ ಎನ್ನುತ್ತಾರೆ.

ಆ ಹಳ್ಳಿಯ ಹುಡುಗನ ಬಳಿ ಇಂತಹ ಮಾತುಗಳು ಬೇಕಾದಷ್ಟಿವೆ. ನಗುವ ಮೊದಲು ಅವುಗಳಲ್ಲೊಂದನ್ನು ಅವನಿಂದ ಕೇಳಿ ತಿಳಿದು, ಇಂಗ್ಲಿಷಿನದನ್ನು ಅದರ ಪಕ್ಕದಲ್ಲಿಟ್ಟರೆ ಅರ್ಧ ಪಾಠ ಮುಗಿದಂತೆಯೇ. ಉಳಿದರ್ಧಕ್ಕೆ ಉಪಾಧ್ಯಾಯರು ಅವನಿಗೆ ಕೈಕೊಡದೆ, ಕೈಹಿಡಿದು ನಡೆಸಿದರೆ ಸಾಕು.