ಗುಂಡಿ ಸೊಟ್ಟಗಾದರೆ ಬೇಲಿಯೂ ಸೊಟ್ಟ
ಟ್ರ್ಯಾಕ್ಟರ್ ಡಿಗ್ಗರ್ ಬಂದರೂ ಹಾರೆಗೆ ಬಿಡುವಿಲ್ಲ

ತಾಳವಾಡಿ: ಈ ಭಾಗದಲ್ಲಿ ಬೇಲಿ ಕಂಬ ಗಟ್ಟಿಯಾಗಿದೆಯೋ ಇಲ್ಲವೋ ಎಂದು ಮೊದಲು ಪರೀಕ್ಷೆ ಮಾಡುವುದು ಆನೆ! ಸಾಲಿನಲ್ಲಿ ಯಾವ ಕಂಬ ವಾಲಿದೆ, ಎಲ್ಲಿ ತಂತಿ ಜೋತುಬಿದ್ದಿದೆ ಎಂಬುದು ಅದಕ್ಕೆ ಹೇಗೋ ಗೊತ್ತಾಗುತ್ತದೆ. ಅಲ್ಲೇ ಬಂದು ಒತ್ತುತ್ತದೆ. ಬೆಳಗ್ಗೆ ಎದ್ದು ನೋಡಿದರೆ ಕೋಸು, ಬಾಳೆ, ಮುಸುಕಿನ ಜೋಳ ಎಲ್ಲ ನೆಲಸಮ.

ಈರೋಡ್ ಜಿಲ್ಲೆಗೆ ಸೇರಿದ್ದರೂ ತಾಳವಾಡಿ ಸೀಮೆಗೆ ಚಾಮರಾಜನಗರವೇ ಹತ್ತಿರ. ಸತ್ಯಮಂಗಲಕ್ಕೆ ಇಳಿಯಬೇಕಾದರೆ ದಿಂಬಂ ಘಾಟಿಯ 27 ತಿರುವು ದಾಟಬೇಕು. ಸುತ್ತಲಿನ ಕಾಡು 2013ರಲ್ಲಿ ಹುಲಿ ರಕ್ಷಿತಾರಣ್ಯವಾಯಿತು. ಕಾಡಂಚಿನ ಹೊಲಗಳಿಗೆ ಆನೆ, ಹಂದಿ ಬರುವುದು ಹೊಸದಲ್ಲ. ರೈತರ ನಿದ್ದೆಗೆಡಿಸಿದ್ದ ‘ಕರುಪ್ಪನ್’ ಎಂಬ ಸಲಗವನ್ನು ಅರಣ್ಯ ಇಲಾಖೆಯವರು ತಿಂಗಳುಗಟ್ಟಲೆ ಬೆನ್ನುಹತ್ತಿ, 2023ರ ಏಪ್ರಿಲ್‌ನಲ್ಲಿ ಅರಿವಳಿಕೆ ಕೊಟ್ಟು ಹಿಡಿದು ಬೇರೆಡೆಗೆ ಸಾಗಿಸಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಒಂದು ಆನೆ ಹೋದರೆ ಇನ್ನೊಂದು ಬರುತ್ತದೆ, ಬೇಲಿಯಂತೂ ಬೇಕೇ ಬೇಕು.

ಬೇಲಿ ಅಂದಮೇಲೆ ಕಂಬ, ಕಂಬ ಅಂದಮೇಲೆ ಗುಂಡಿ. ಒಂದು ಎಕರೆ ಚೌಕದ ಹೊಲವಾದರೆ ಸುತ್ತಳತೆ ಸುಮಾರು 835 ಅಡಿ. ಹತ್ತಡಿಗೊಂದು ಕಂಬ ಎಂದರೂ 84 ಗುಂಡಿ. ಒಣಗಿದ ಕೆಂಪು ನೆಲದಲ್ಲಿ ಹಾರೆ ಹಾಕಿ ಮೂರಡಿ ಆಳದ 84 ಗುಂಡಿ ತೆಗೆಯುವುದೆಂದರೆ ಸೊಂಟ ಬಿದ್ದುಹೋಗುವ ಕೆಲಸ. ಆಳು ಸಿಗುವುದೂ ಕಷ್ಟ. ಹಾಗಾಗಿ ಟ್ರ್ಯಾಕ್ಟರ್ ಹಿಂದೆ ಕಟ್ಟುವ ಡಿಗ್ಗರ್ ಬಾಡಿಗೆಗೆ ಕರೆಸುವುದು ರೂಢಿಯಾಗಿದೆ. ದೊಡ್ಡ ತಿರುಪು ಮೊಳೆಯಂಥ ಆಗರ್ ಗಿರಗಿರನೆ ತಿರುಗಿ ನೆಲಕ್ಕಿಳಿಯುತ್ತದೆ, ಮಣ್ಣು ಮೇಲಕ್ಕೆ ಬರುತ್ತದೆ. ನೆಲ ಒಳ್ಳೆಯದಿದ್ದರೆ ಒಂದು ಗುಂಡಿಗೆ ಕೆಲವೇ ನಿಮಿಷ.

ಆದರೆ ಗುಂಡಿ ಬೇಗ ಆಯಿತು ಅಂದಮಾತ್ರಕ್ಕೆ ನೆಟ್ಟಗಾಯಿತು ಅಂತ ಅಲ್ಲ.

ಸೊಟ್ಟ ಆಗೋದು ಯಾಕೆ?

ಡಿಗ್ಗರಿನ ಉದ್ದ ತೋಳು ಟ್ರ್ಯಾಕ್ಟರಿನ ಹಿಂದಿನ ಮೂರು ಕೊಂಡಿಗೆ ಸಿಕ್ಕಿಕೊಂಡಿರುತ್ತದೆ. ತೋಳಿನ ತುದಿಯಲ್ಲಿ ಗೇರ್‌ಬಾಕ್ಸ್, ಅದರ ಕೆಳಗೆ ಆಗರ್ ನೇತಾಡುತ್ತದೆ. ಎತ್ತಿ ಹಿಡಿದಾಗ ತೂಗುಗುಂಡಿನ ಹಾಗೆ ನೆಟ್ಟಗೇ ಇರುತ್ತದೆ. ತೊಂದರೆ ಶುರುವಾಗುವುದು ಇಳಿಸುವಾಗ. ಬಾಗಿಲು ತೆರೆದಾಗ ಅದರ ಅಂಚು ಕಮಾನಿನಲ್ಲಿ ಹೋಗುವ ಹಾಗೆ ತೋಳಿನ ತುದಿಯೂ ಕಮಾನಿನಲ್ಲೇ ಇಳಿಯುತ್ತದೆ. ಮೇಲಿದ್ದಾಗ ತುದಿ ಟ್ರ್ಯಾಕ್ಟರಿಗೆ ಹತ್ತಿರ, ಅಡ್ಡವಾಗುವ ಹೊತ್ತಿಗೆ ದೂರ, ಇನ್ನೂ ಇಳಿದರೆ ಮತ್ತೆ ಹತ್ತಿರ. ಆಗರಿನ ಮೂತಿ ಆಗಲೇ ನೆಲ ಕಚ್ಚಿ ಕೂತಿದೆ, ತಲೆ ಮಾತ್ರ ಹಿಂದೆ ಮುಂದೆ ಸರಿಯುತ್ತಿದೆ. ಗುಂಡಿ ಸೊಟ್ಟಗಾಗದೆ ಇನ್ನೇನಾಗುತ್ತದೆ?

ಇದಕ್ಕೆ ಮದ್ದು ಚಾಲಕನ ತಾಳ್ಮೆ ಒಂದೇ. ಮೂರಡಿಯನ್ನೂ ಒಂದೇ ಏಟಿಗೆ ಇಳಿಸಬಾರದು. ಒಂದಡಿ ಇಳಿಸಿ ಮೇಲಕ್ಕೆತ್ತಿ ಮಣ್ಣು ಕೊಡವಬೇಕು. ಆಗರ್ ಸೊಟ್ಟಗೆ ನಿಂತಿದ್ದರೆ ಟ್ರ್ಯಾಕ್ಟರನ್ನೇ ನಾಲ್ಕು ಬೆರಳು ಮುಂದಕ್ಕೋ ಹಿಂದಕ್ಕೋ ಸರಿಸಬೇಕು. ಆಮೇಲೆ ಇನ್ನೊಂದಡಿ. ಆಗರ್ ಗುಂಡಿಯೊಳಗಿರುವಾಗಲೇ ಗಾಡಿ ಎಳೆದರೆ ಆಗರ್ ಬಾಗುತ್ತದೆ, ಗುಂಡಿಯ ಬಾಯಿ ಹರಿಯುತ್ತದೆ.

ಚಾಲಕನಿಗೆ ಕೂತಲ್ಲಿಂದ ಹಿಂದೆ ತಿರುಗಿ ನೋಡಿದರೆ ಆಗರ್ ಎಡಕ್ಕೆ ಬಲಕ್ಕೆ ವಾಲಿರುವುದು ಕಾಣುತ್ತದೆ, ಹಿಂದೆ ಮುಂದೆ ವಾಲಿರುವುದು ಕಾಣುವುದಿಲ್ಲ. ಅದನ್ನು ನೋಡಲು ಪಕ್ಕದಲ್ಲಿ, ದೂರ ನಿಂತ ಒಬ್ಬರು ಬೇಕು. ಕೈಯಲ್ಲಿ ಗಾರೆ ಕೆಲಸದವರ ತೂಗುಗುಂಡು ಹಿಡಿದು, ಅದರ ದಾರಕ್ಕೆ ಆಗರ್ ಕಂಬಿಯನ್ನು ತಾಳೆ ನೋಡಿ, ‘ವಸಿ ಮುಂದಕ್ಕೆ ತಕ್ಕೊಳಣ್ಣ, ಇನ್ನು ವಸಿ, ಸಾಕು ಬುಡು’ ಎಂದು ಹೇಳಬೇಕು. ಗೇರ್‌ಬಾಕ್ಸ್ ಮೇಲೆ ರಸಮಟ್ಟ ಅಂಟಿಸಿಕೊಳ್ಳುವವರೂ ಇದ್ದಾರೆ. ನಮ್ಮ ಲೆಕ್ಕಕ್ಕೆ ಪಕ್ಕದಲ್ಲಿ ನಿಂತ ಮನುಷ್ಯನೇ ವಾಸಿ.

ಇಳಿಜಾರು ಹೊಲದಲ್ಲಿ ಇನ್ನೊಂದು ಪೇಚಾಟ. ಟ್ರ್ಯಾಕ್ಟರ್ ಅಡ್ಡಡ್ಡ ನಿಂತು ವಾಲಿದರೆ ಡಿಗ್ಗರಿನ ತೋಳೂ ವಾಲುತ್ತದೆ. ಹಿಂದಿನ ಬಲಗೈ ಕೊಂಡಿಯ ತಿರುಪು ತಿರುಗಿಸಿ ಸ್ವಲ್ಪ ಸರಿಮಾಡಬಹುದು. ಅದಕ್ಕಿಂತ ಗಾಡಿಯನ್ನು ಇಳಿಜಾರಿನ ಏರು ಇಳಿವಿಗೆ ನೇರವಾಗಿ ನಿಲ್ಲಿಸುವುದು ಸುಲಭ, ಮಗುಚುವ ಭಯವೂ ಕಡಿಮೆ.

ಎರಡು ಇಂಚು ಸೊಟ್ಟಗಾದರೆ ಏನು ಮಹಾ ಎಂದು ಕೇಳಬಹುದು. ಎಂಟಡಿ ಕಂಬ, ಮೂರಡಿ ಒಳಗೆ, ಐದಡಿ ಮೇಲೆ. ತಳದಲ್ಲಿ ಎರಡು ಇಂಚು ತಪ್ಪಿದರೆ ತಲೆಯಲ್ಲಿ ಮೂರು ಇಂಚಿಗೂ ಹೆಚ್ಚು ವಾಲುತ್ತದೆ. ಒಂದು ಕಂಬ ಆಚೆ, ಇನ್ನೊಂದು ಈಚೆ ವಾಲಿದರೆ ತಂತಿ ಎಳೆದಾಗ ಬಿಗಿ ನಿಲ್ಲುವುದಿಲ್ಲ. ಸೋಲಾರ್ ಬೇಲಿಯಲ್ಲಂತೂ ಜೋತುಬಿದ್ದ ತಂತಿ ಹುಲ್ಲಿಗೆ ತಗುಲಿ ಶಾಕ್ ಎಲ್ಲ ನೆಲಕ್ಕೆ ಹರಿದುಹೋಗುತ್ತದೆ.

ಅದಕ್ಕೇ ಆರು ಇಂಚಿನ ಕಲ್ಲುಕಂಬಕ್ಕೆ ಒಂಬತ್ತು ಇಂಚಿನ ಆಗರ್ ಸಾಕು ಎಂದು ಜಿಪುಣತನ ಮಾಡಬಾರದು. ಹನ್ನೆರಡು ಇಂಚಿನದು ಹಾಕಿದರೆ ಸುತ್ತ ಮೂರು ಮೂರು ಇಂಚು ಜಾಗ ಸಿಗುತ್ತದೆ. ಗುಂಡಿ ಸ್ವಲ್ಪ ತಪ್ಪಿದರೂ ಕಂಬವನ್ನು ನೆಟ್ಟಗೆ ನಿಲ್ಲಿಸಿಕೊಳ್ಳಬಹುದು. ಮೂಲೆ ಕಂಬಕ್ಕೆ ಇನ್ನೂ ಆಳ ಬೇಕು, ಆಸರೆ ಕಂಬವೂ ಬೇಕು. ಇಡೀ ಸಾಲಿನ ಎಳೆತ ಬೀಳುವುದು ಅದರ ಮೇಲೆ.

ಯಂತ್ರ ಬಂತು, ಹಾರೆ ಅಟ್ಟಕ್ಕೆ ಹಾಕೋಣ ಅನ್ನುವುದೂ ಆಗದ ಮಾತು. ಅರ್ಧ ಗುಂಡಿಗೆ ಕಲ್ಲು ಅಡ್ಡ ಬಂದರೆ ಆಗರ್ ಪಕ್ಕಕ್ಕೆ ಜಾರುತ್ತದೆ. ಒತ್ತಾಯ ಮಾಡದೆ ನಿಲ್ಲಿಸಿ ಹಾರೆಯಿಂದ ಕಲ್ಲು ಎಬ್ಬಿಸಬೇಕು. ಬಹಳಷ್ಟು ಡಿಗ್ಗರುಗಳಿಗೆ ಒತ್ತಿ ಇಳಿಸುವ ಶಕ್ತಿ ಇಲ್ಲ, ತಮ್ಮ ಭಾರಕ್ಕೇ ಇಳಿಯಬೇಕು. ಬೇಸಿಗೆಯ ಗಟ್ಟಿ ನೆಲದಲ್ಲಿ ಮೇಲೇ ಸುತ್ತುತ್ತಾ ನಿಲ್ಲುತ್ತವೆ. ಹಿಂದಿನ ದಿನ ಗುರುತು ಮಾಡಿದ ಜಾಗಕ್ಕೆ ಕೊಡ ನೀರು ಹುಯ್ದಿದ್ದರೆ ಕೆಲಸ ಸಲೀಸು. ತೀರಾ ಹಸಿ ಜೇಡಿ ಮಣ್ಣಿನ ಕಷ್ಟವೇ ಬೇರೆ. ಆಗರ್ ತಿರುಪು ಮೊಳೆಯ ಹಾಗೆ ತಾನಾಗಿ ಒಳಕ್ಕೆ ಎಳೆದುಕೊಂಡು ಕಚ್ಚಿಕೊಳ್ಳುತ್ತದೆ, ಹೈಡ್ರಾಲಿಕ್ ಎತ್ತಿದರೂ ಬರುವುದಿಲ್ಲ. ಆಗ ಎಂಜಿನ್ ಆರಿಸಿ, ಪೈಪ್ ರೆಂಚು ಹಾಕಿ ಕೈಯಿಂದಲೇ ಹಿಮ್ಮುಖ ತಿರುಗಿಸಿ ಬಿಡಿಸಬೇಕು.

ಪಂಚೆ, ಟವೆಲ್ ದೂರ ಇರಲಿ

ಡಿಗ್ಗರನ್ನು ತಿರುಗಿಸುವುದು ಟ್ರ್ಯಾಕ್ಟರಿನ ಪಿಟಿಒ ಶಾಫ್ಟು. ಪೂರ್ತಿ ವೇಗದಲ್ಲಿ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ ಒಂಬತ್ತು. ಎರಡು ಇಂಚು ದಪ್ಪದ ಶಾಫ್ಟಿಗೆ ಪಂಚೆಯ ತುದಿ ಸಿಕ್ಕಿದರೆ ಒಂದೇ ಸೆಕೆಂಡಿನಲ್ಲಿ ನಾಲ್ಕೂವರೆ ಅಡಿಗೂ ಹೆಚ್ಚು ಬಟ್ಟೆ ಸುತ್ತಿಕೊಳ್ಳುತ್ತದೆ. ‘ನಿಲ್ಸು’ ಎಂದು ಕೂಗುವಷ್ಟರಲ್ಲಿ ಮನುಷ್ಯನೇ ಒಳಗೆ. ಶಾಫ್ಟಿಗೆ ಪ್ಲಾಸ್ಟಿಕ್ ಕವಚ ಕೊಟ್ಟಿರುತ್ತಾರೆ. ಅದು ಒಡೆದ ಮೇಲೆ ಹೊಸದು ಹಾಕಿಸದೆ ದುಡಿಯುವ ಗಾಡಿ ಬಂದರೆ ವಾಪಸ್ ಕಳಿಸುವುದೇ ಸರಿ. ಬಾಡಿಗೆ ದುಡ್ಡು ಹೋದರೂ ಚಿಂತೆಯಿಲ್ಲ.

ಇನ್ನೊಂದು ಕೆಟ್ಟ ಚಾಳಿ, ಆಗರ್ ಇಳಿಯಲಿಲ್ಲವೆಂದು ತೋಳಿನ ಮೇಲೆ ಒಬ್ಬ ಹತ್ತಿ ಭಾರ ಹಾಕುವುದು. ಆಗರ್ ಕಲ್ಲಿಗೆ ತಗುಲಿ ಎಗರಿದರೆ ಅವನು ಬೀಳುವುದು ತಿರುಗುವ ಶಾಫ್ಟಿನ ಮೇಲೆಯೇ. ಶಿಯರ್ ಬೋಲ್ಟು ಪದೇ ಪದೇ ಮುರಿಯುತ್ತದೆ ಎಂದು ಗಟ್ಟಿ ಬೋಲ್ಟು ಹಾಕುವವರೂ ಉಂಟು. ಆ ಬೋಲ್ಟು ಇರುವುದೇ ಮುರಿಯುವುದಕ್ಕೆ. ಅದು ಮುರಿಯದಿದ್ದರೆ ಗೇರ್‌ಬಾಕ್ಸ್ ಮುರಿಯುತ್ತದೆ.

ಆಗರ್ ಇಳಿಸುವ ಮುಂಚೆ ಗಡಿ ಕಲ್ಲು ನೋಡಿಕೊಳ್ಳುವುದು ಮುಖ್ಯ. ಇಲ್ಲಿಯ ಪಟ್ಟಾ, ಅಳತೆ ನಕ್ಷೆ ಎಲ್ಲ ತಮಿಳಿನಲ್ಲಿ. ಲೆಕ್ಕ ಸೆಂಟಿನಲ್ಲಿ, ಮನೆಯ ಹಿರಿಯರ ಬಾಯಲ್ಲಿ ಗುಂಟೆ. ಎಕರೆಗೆ ನೂರು ಸೆಂಟ್, ನಲವತ್ತು ಗುಂಟೆ, ಅಂದರೆ ಗುಂಟೆಗೆ ಎರಡೂವರೆ ಸೆಂಟ್. ಸರ್ವೆಯವರಿಂದ ಮೂಲೆ ಗುರುತು ಮಾಡಿಸಿ, ಮೂಲೆಯಿಂದ ಮೂಲೆಗೆ ಹಗ್ಗ ಕಟ್ಟಿ, ಗುಂಡಿಯ ನಡುವಿಗೆ ಗೂಟ ಹೊಡೆದುಕೊಂಡ ಮೇಲೆಯೇ ಡಿಗ್ಗರ್ ಕರೆಸಬೇಕು. ಯಂತ್ರ ಗಂಟೆ ಲೆಕ್ಕದಲ್ಲಿ ನಿಂತಿರುವಾಗ ಅಣ್ಣತಮ್ಮಂದಿರು ಬದು ಜಗಳ ಶುರುಮಾಡಿದರೆ ಬಾಡಿಗೆ ಓಡುತ್ತಲೇ ಇರುತ್ತದೆ.

ಬೇಲಿಗೆ ವಿದ್ಯುತ್ ಕೊಡುವವರು ತಮಿಳುನಾಡು ಸರ್ಕಾರ 2023ರಲ್ಲಿ ತಂದ ವಿದ್ಯುತ್ ಬೇಲಿ ನೋಂದಣಿ ನಿಯಮಗಳನ್ನು ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಳ್ಳಬೇಕು. ಸೋಲಾರ್ ಬೇಲಿಯ ಪೆಟ್ಟಿಗೆ ಬಿಟ್ಟು ಬಿಟ್ಟು ಕ್ಷಣಮಾತ್ರದ ಹೊಡೆತ ಕೊಡುತ್ತದೆ, ಪ್ರಾಣಿ ಬೆದರಿ ಹಿಂದೆ ಸರಿಯುತ್ತದೆ. ಲೈನಿನಿಂದ ನೇರ ಕರೆಂಟು ಎಳೆದರೆ ಕೊಲೆಯೇ. 2023ರ ಮಾರ್ಚ್‌ನಲ್ಲಿ ಧರ್ಮಪುರಿ ಜಿಲ್ಲೆಯ ಮಾರಂಡಹಳ್ಳಿ ಬಳಿ ಇಂಥದೇ ಬೇಲಿಗೆ ಮೂರು ಹೆಣ್ಣಾನೆ ಸತ್ತವು. ತಾಯಿ ಕಳೆದುಕೊಂಡ ಎರಡು ಮರಿ ಅಲ್ಲೇ ಸುತ್ತುತ್ತಿದ್ದವು.

ಅಂದು ತೆಗೆದ ಗುಂಡಿಗೆ ಅಂದೇ ಕಂಬ ನಿಲ್ಲಿಸಿದರೆ ಒಳ್ಳೆಯದು. ಉಳಿದರೆ ಮೇಲೆ ಹಲಗೆಯೋ ಚಪ್ಪಡಿಯೋ ಮುಚ್ಚಬೇಕು. ಕರು, ಮೇಕೆ ಮರಿ, ಆಡುವ ಮಕ್ಕಳು ಕಾಲು ಹಾಕಿದರೆ ಕಷ್ಟ. ಜಲ್ಲಿ ಸಿಮೆಂಟ್ ಹಾಕಿದ ಕಂಬಕ್ಕೆ ಒಂದು ವಾರವಾದರೂ ನೀರು ಹಾಕಿ, ಆಮೇಲೆ ತಂತಿ ಎಳೆಯಬೇಕು. ಅಲ್ಲಿಯವರೆಗೆ ಅಟ್ಟಣೆ ಮೇಲೆ ಟಾರ್ಚು ಹಿಡಿದು ರಾತ್ರಿ ಕಾವಲು ಕೂರುವುದು ತಪ್ಪಿದ್ದಲ್ಲ.